ಕದಡಿದ ನೀರಿನಲ್ಲಿ ಹುಡುಕುವ ವಿಚಾರ

ನಾವು ವಾಸಮಾಡುವ ಊರಿನ ಹೆಸರು ಉಲ್ಲಾಳ. ಈ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಎರಡುಂಟು. ಒಂದು, ಮಂಗಳೂರಿನ ದಕ್ಷಿಣಕ್ಕೆ ನೇತ್ರಾವತಿಯು ಕಡಲನ್ನು ಸೇರುವ ಎಡೆಯಲ್ಲಿರುವ, ರಾಣಿ ಅಬ್ಬಕ್ಕನ ಉಲ್ಲಾಳ. ಇನ್ನೊಂದು, ಬೆಂಗಳೂರಿನ ಪಶ್ಚಿಮದಲ್ಲಿ ಕೆಂಗೇರಿಗೂ ಮಲ್ಲತ್ತಹಳ್ಳಿಗೂ ನೆರೆಯಾಗಿರುವ ನಮ್ಮ ಉಲ್ಲಾಳ. ಅದಕ್ಕೆ ಸಮುದ್ರವಿದೆ, ಚರಿತ್ರೆಯಿದೆ. ನಮ್ಮದಕ್ಕೆ ಒಂದು ಕೆರೆಯಿದೆ, ಅದರ ಏರಿಯ ಮೇಲೆ ಪ್ರಾತಃಕಾಲದಲ್ಲಿ ನಮ್ಮಂಥ ವೃದ್ಧರು ತಿರುಗಾಡುವುದಕ್ಕೆ ಒಂದು ದಾರಿಯಿದೆ. ಇಲ್ಲಿ ಮನೆಮಾಡಿ ಹದಿನೈದು ವರ್ಷಗಳಾದರೂ ದೂರದ ಬಂಧುಗಳಿಗೆ ಈ ಎರಡು ಊರುಗಳ ಭೇದವು ಇನ್ನೂ ಮನಸ್ಸಿಗೆ ಹತ್ತಿಲ್ಲ.

2019ನೆಯ ಇಸವಿ ಜುಲೈ 29ರ ಸಂಜೆ ಕಾಫಿಯ ಉದ್ಯಮಿಗಳಾದ ಸಿದ್ಧಾರ್ಥರು ಉಲ್ಲಾಳದ ನೇತ್ರಾವತಿ ಸೇತುವೆಯ ಬಳಿ ಕಾಣೆಯಾದ ಸುದ್ದಿ ಹಬ್ಬಿದಾಗ, ನಮ್ಮ ಸೋದರತ್ತೆಯ ಮಗನು ದೂರವಾಣಿಯಲ್ಲಿ, "ನಿಮ್ಮ ಊರಿನಲ್ಲಿ ಅಷ್ಟು ದೊಡ್ಡ ಹೊಳೆಯಿದೆಯೆಂಬುದನ್ನು ನೀವು ಹೇಳಲೇ ಇಲ್ಲವಲ್ಲ" ಎಂದನು. ನಾವು ನಕ್ಕು ಅವನನ್ನು ತಿದ್ದಿದೆವು. ಆದರೆ ಆ ಎರಡು ದಿನಗಳು ನಮಗೆ ನಿದ್ರೆ ಬರಲಿಲ್ಲ. ಸರಕಾರದ ಪಡೆಗಳೂ ದೋಣಿಗಳೂ ಮುಳುಗುಗಾರರೂ ಮಳೆಗಾಲದ ಆ ಕೆಂಪು ನೀರಿನಲ್ಲಿ ಹುಡುಕುತ್ತಿದ್ದರು. 31ರ ಬೆಳಗ್ಗೆ ದೇಹವು ಕಂಡದ್ದು ಮೀನುಗಾರರಿಗೆ. ಗತಿಸಿದವರು ನಮಗೆ ಪರಿಚಿತರಲ್ಲ. ನಮ್ಮ ನಿದ್ರೆಯನ್ನು ಕೆಡಿಸಿದ್ದು ಬೇರೊಂದು ನೀರು, ಬೇರೊಂದು ಹುಡುಕಾಟ. ಅದನ್ನು ಇಷ್ಟು ಕಾಲ ಯಾರಿಗೂ ಹೇಳದೆ ಇದ್ದೆವು. ಈಗ ಹೇಳುವುದಕ್ಕೆ ಕಾರಣವೂ ಬಂದಿದೆ, ವಯಸ್ಸೂ ಬಂದಿದೆ.

1989ನೆಯ ಇಸವಿಯ ಬೇಸಗೆ. ನಾವು ಉಪಾಧ್ಯಾಯ ವೃತ್ತಿಗೆ ಸೇರಿ ಎರಡು ವರ್ಷಗಳಾಗಿದ್ದುವು. ಊರಿನ ಹೆಸರನ್ನು ಹೇಳುವುದು ಬೇಡ. ಅಲ್ಲೊಂದು ದೊಡ್ಡ ಕೆರೆಯಿತ್ತೆಂದರೆ ಸಾಕು. ಒಂದು ಸಂಜೆ ಕೈಯಲ್ಲಿ ತರ್ಕಸಂಗ್ರಹವನ್ನು ಹಿಡಿದುಕೊಂಡು ಏರಿಯ ಮೇಲೆ ತಿರುಗಾಡುತ್ತಿರುವಾಗ ನೀರಿನ ಕಡೆಯಿಂದ ಒಂದು ಕೂಗು ಕೇಳಿಸಿತು. ತಲೆಯೆತ್ತಿ ನೋಡಿದೆವು. ಒಂದು ಕೈ ಮೇಲಕ್ಕೆ ಬಂದು ಮರೆಯಾಯಿತು. ಅದು ನಮ್ಮ ಏಳನೆಯ ತರಗತಿಯ ಹುಡುಗನದೆಂದು ತಿಳಿದದ್ದು ದಡದಲ್ಲಿದ್ದ ಅಂಗಿಯಿಂದ. ನಮಗೆ ಈಜು ಬಾರದು. ಕೂಗುತ್ತ ಊರೊಳಕ್ಕೆ ಓಡಿ ಜನರನ್ನು ಕರೆದುಕೊಂಡು ಬಂದೆವು.

"ಎಲ್ಲಿ, ಸ್ವಾಮಿ?" ಎಂದರು. ನಾವು ತೂಬಿನ ಕಲ್ಲಿನ ಹತ್ತಿರ ನಿಂತು, "ಈ ಕಲ್ಲಿನಿಂದ ಪಶ್ಚಿಮಕ್ಕೆ ಹತ್ತು ಮಾರು" ಎಂದು ಕೈತೋರಿದೆವು. ಬೆಸ್ತರಲ್ಲಿ ವಯಸ್ಸಾದವನೊಬ್ಬನು ನಮ್ಮ ಕೈಯನ್ನು ನೋಡಲಿಲ್ಲ, ನಮ್ಮ ಕಾಲನ್ನು ನೋಡಿದನು. "ಬುದ್ಧೀ, ಆವಾಗ ತಾವು ನಿಂತಿದ್ದದ್ದು ಇಲ್ಲೇನೋ?" ಎಂದು ಕೇಳಿದನು. ನಮಗೆ ಸಿಟ್ಟು ಬಂದಿತು. ಕಣ್ಣಾರೆ ಕಂಡವರು ನಾವು. ಮೇಲಾಗಿ ಊರಿನ ಮೇಷ್ಟ್ರು. "ನಾವು ಕಂಡದ್ದನ್ನು ಹೇಳುತ್ತಿದ್ದೇವೆ, ನೀನು ಇಳಿ" ಎಂದೆವು. ಅವನು ಎರಡನೆಯ ಮಾತನಾಡಲಿಲ್ಲ.

ಆ ರಾತ್ರಿಯೂ ಮಾರನೆಯ ಹಗಲೂ ನಾವು ತೋರಿಸಿದ ಜಾಗದಲ್ಲಿಯೇ ಹುಡುಕಿದರು. ಕೆರೆಯ ನೀರು ಕೆಮ್ಮಣ್ಣಿನ ಗಂಜಿಯಂತಿತ್ತು. ಕೊಕ್ಕೆ ಹಾಕಿದರು, ಬಲೆ ಎಳೆದರು, ಒಬ್ಬೊಬ್ಬರಾಗಿ ಮುಳುಗಿ ಕೈಯಿಂದ ತಡವಿದರು. ಎರಡನೆಯ ದಿನ ಮಧ್ಯಾಹ್ನ ಒಬ್ಬ ತರುಣನು ಮುಳುಗಿದವನು ಮೇಲಕ್ಕೆ ಬರಲಿಲ್ಲ. ತಳದಲ್ಲಿ ಬಿದ್ದಿದ್ದ ಜಾಲಿಯ ಮುಳ್ಳುಕೊಂಬೆಗೆ ಅವನ ಕಾಲು ಸಿಕ್ಕಿಕೊಂಡಿತ್ತು. ಉಳಿದವರು ಹಗ್ಗವನ್ನೆಳೆದು ಅವನನ್ನು ದಡಕ್ಕೆ ಹಾಕುವಾಗ ಅವನ ಮುಖವು ಕಪ್ಪಿಟ್ಟಿತ್ತು. ದೈವಕೃಪೆಯಿಂದ ಅವನು ಬದುಕಿದನು. ಹುಡುಗನ ತಾಯಿ ಎರಡು ರಾತ್ರಿಗಳೂ ಏರಿಯ ಮೇಲೆಯೇ ಕುಳಿತಿದ್ದಳು. ಅಳಲಿಲ್ಲ, ಅನ್ನವನ್ನು ಮುಟ್ಟಲಿಲ್ಲ, ನೀರನ್ನೇ ನೋಡುತ್ತಿದ್ದಳು. ಮೂರನೆಯ ದಿನ ಬೆಳಗ್ಗೆ ದೇಹವು ತಾನಾಗಿ ಮೇಲೆ ಬಂದಿತು. ಬಂದದ್ದು ತೂಬಿನ ಕಲ್ಲಿನ ಪಶ್ಚಿಮಕ್ಕಲ್ಲ, ಪೂರ್ವಕ್ಕೆ. ಹತ್ತು ಮಾರಲ್ಲ, ನಲವತ್ತು ಮಾರು. ನಾವು ಆ ಕೈಯನ್ನು ಕಂಡಾಗ ನಿಂತಿದ್ದದ್ದು ತೂಬಿನಿಂದ ಬಹಳ ದೂರ, ಏರಿಯ ತಿರುವಿನಲ್ಲಿ. ತಿರುವಿನಿಂದ ನೋಡುವವರಿಗೆ ತೂಬಿನ ಕಲ್ಲೂ ಆ ಕೈಯೂ ಒಂದೇ ನೇರಕ್ಕೆ ಕಂಡಿದ್ದುವು. ಓಡಿ ಹೋಗಿ ಮರಳಿದ ಗಾಬರಿಯಲ್ಲಿ ನಾವು ಕಲ್ಲನ್ನು ನೆನಪಿಟ್ಟೆವು, ತಿರುವನ್ನು ಮರೆತೆವು.

ಯಾರೂ ನಮ್ಮನ್ನು ದೂರಲಿಲ್ಲ. "ನೀರು ಎಳೆದುಕೊಂಡು ಹೋಗಿರಬೇಕು" ಎಂದರು. ಕಟ್ಟಿ ನಿಂತ ಕೆರೆಯ ನೀರು ಎಲ್ಲಿಗೆ ಎಳೆಯುತ್ತದೆ? ಆ ಮುದುಕ ಬೆಸ್ತನು ಮಾತ್ರ ಒಮ್ಮೆ ನಮ್ಮನ್ನು ನೋಡಿ ಬಲೆಯನ್ನು ಮಡಿಸತೊಡಗಿದನು. ಆ ನೋಟದಲ್ಲಿ ನಿಂದೆಯಿರಲಿಲ್ಲ. ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು.

ಈ ಸಂಗತಿಯು ಹೀಗಿರಲಾಗಿ, 2024ನೆಯ ವರ್ಷವು ಅದನ್ನು ಮತ್ತೆ ಮತ್ತೆ ಕೆದಕಿತು. ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ರಾಷ್ಟ್ರೀಯ ಹೆದ್ದಾರಿಯನ್ನು ಮುಚ್ಚಿ, ಅಲ್ಲಿದ್ದ ಜನರನ್ನೂ, ವಾಹನಗಳನ್ನೂ ಗಂಗಾವಳಿ ಹೊಳೆಗೆ ತಳ್ಳಿತು. ಮರದ ದಿಮ್ಮಿಗಳನ್ನು ಹೇರಿಕೊಂಡು ಹೊರಟಿದ್ದ ಕೇರಳದ ಲಾರಿಯ ಚಾಲಕನಿಗಾಗಿ ಎರಡು ರಾಜ್ಯಗಳ ಜನ ಕಾದು ಕುಳಿತರು. ಸೇನೆಯವರ ರಾಡಾರ್ ಯಂತ್ರವೂ ನೌಕಾಪಡೆಯವರ ಸೋನಾರ್ ಯಂತ್ರವೂ ಹೊಳೆಯ ತಳದಲ್ಲಿ ಲೋಹದ ವಸ್ತುವಿರುವ ಸೂಚನೆಯನ್ನು ಕೊಟ್ಟುವು. ಆದರೆ ಹೊಳೆಯು ಹುಚ್ಚೆದ್ದು ಹರಿಯುತ್ತಿತ್ತು. ಮಲ್ಪೆಯ ಸಾಹಸಿ ಮುಳುಗುಗಾರರಾದ ಈಶ್ವರ ಮಲ್ಪೆಯವರು ಇಳಿದಾಗ ಕಟ್ಟಿದ ಹಗ್ಗವೇ ಹರಿದು ಪ್ರವಾಹವು ಅವರನ್ನು ಎಳೆದೊಯ್ದಿತು. ಪುಣ್ಯವಶಾತ್ ಅವರು ಪಾರಾದರು. ಕೊನೆಗೆ ಗೋವೆಯಿಂದ ಹೂಳೆತ್ತುವ ಹಡಗನ್ನು ತಂದು, ನೀರು ಇಳಿದ ಮೇಲೆ ಮಣ್ಣನ್ನು ತೆಗೆದು, ಸೆಪ್ಟೆಂಬರ್ 25ರಂದು ಲಾರಿಯನ್ನೂ ಅದರೊಳಗಿನ ದೇಹವನ್ನೂ ಮೇಲೆತ್ತಿದರು. ಎಪ್ಪತ್ತೊಂದು ದಿನಗಳು.

ಅದಾಗಿ ತಿಂಗಳು ಕಳೆಯುವುದರೊಳಗೆ, ಅಕ್ಟೋಬರಿನ ದೊಡ್ಡ ಮಳೆಗಳಲ್ಲಿ, ನಮ್ಮ ಮನೆಗೆ ಕೂಗಳತೆಯೆನ್ನಬಹುದಾದ ಕೆಂಗೇರಿಯ ಕೆರೆಯಲ್ಲಿ ನೀರು ತರುವುದಕ್ಕೆ ಹೋದ ಒಡಹುಟ್ಟಿದ ಎರಡು ಮಕ್ಕಳು ಮುಳುಗಿದುವು. ರಕ್ಷಣೆಯ ಪಡೆಗಳು ಹುಡುಕಿ ಮಾರನೆಯ ದಿನ ದೇಹಗಳನ್ನು ತೆಗೆದುವು. ಆ ದಿನ ನಾವು ಕೆರೆಯ ಕಡೆಗೆ ಹೋಗಲಾರದೆ ಮನೆಯಲ್ಲಿಯೇ ಕುಳಿತಿದ್ದೆವು.

ಆ ವರ್ಷದ ದೀಪಾವಳಿಗೆ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಪರಪ್ರಾಂತದ ಒಂದು ರೇವಿನಲ್ಲಿ ಮುಳುಗುಗಾರನಾಗಿರುವವನು. ನೀರಿನಲ್ಲಿ ಕಳೆದವರನ್ನು ಹುಡುಕುವ ಕೆಲಸಕ್ಕೂ ಅವನನ್ನು ಕರೆಯುತ್ತಾರೆ. ಊಟವಾದ ಮೇಲೆ ಶಿರೂರಿನ ಮಾತು ಬಂದಿತು. "ಸೋನಾರ್ ಎಂಬುದು ಹೇಗೆ ನೋಡುತ್ತದೆ?" ಎಂದು ಕೇಳಿದೆವು. "ಅದು ನೋಡುವುದಿಲ್ಲ, ಮೇಷ್ಟ್ರೆ, ಕೇಳುತ್ತದೆ" ಎಂದನು. ಆ ರಾತ್ರಿ ಎರಡು ಗಂಟೆಗಳ ಕಾಲ ಅವನು ಗುರು, ನಾವು ಶಿಷ್ಯರು. ಅವನಿಂದ ತಿಳಿದುದನ್ನೂ ತರುವಾಯ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇವೆ.

ಕೆರೆಯ ನೀರು ಕೆಂಪಗಿರುವುದು ಅದರಲ್ಲಿ ತೇಲುವ ಜೇಡಿಯ ಕಣಗಳಿಂದ. ಒಂದು ಕಣವು ಮಿಲಿಮೀಟರಿನ ಸಾವಿರದ ಎರಡು ಭಾಗಕ್ಕಿಂತಲೂ ಚಿಕ್ಕದು. ಬೆಳಕಿನ ಅಲೆಯು ಅದಕ್ಕಿಂತಲೂ ಸೂಕ್ಷ್ಮವಾದುದರಿಂದ ಪ್ರತಿಯೊಂದು ಕಣಕ್ಕೂ ತಗುಲಿ ಚದರಿಹೋಗುತ್ತದೆ. ಇಂಥ ನೀರಿನೊಳಗೆ ದೀಪವನ್ನು ಹಿಡಿದರೆ ಮಂಜಿನಲ್ಲಿ ಬಂಡಿಯ ದೀಪವನ್ನು ಹಚ್ಚಿದಂತೆ. ಬೆಳಕಿನ ಗೋಡೆಯೊಂದು ಕಣ್ಣಿಗೆ ಕಟ್ಟುವುದೇ ಹೊರತು ವಸ್ತುವು ಕಾಣುವುದಿಲ್ಲ. ಮುಳುಗುಗಾರನು ತನ್ನ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡರೂ ಅದನ್ನು ನೋಡಲಾರನು. ಶಬ್ದವಾದರೋ ಹಾಗಲ್ಲ. ಈ ಯಂತ್ರವು ಹೊರಡಿಸುವ ಶಬ್ದದ ಅಲೆಯು ಒಂದೆರಡು ಮಿಲಿಮೀಟರಿನಷ್ಟು ಉದ್ದ. ಜೇಡಿಯ ಕಣವು ಅದಕ್ಕೆ ಲೆಕ್ಕವೇ ಅಲ್ಲ. ಆನೆಯು ಇರುವೆಗಳ ಸಾಲನ್ನು ದಾಟುವಂತೆ ದಾಟಿಹೋಗಿ, ಕಲ್ಲು, ಮರ, ಲೋಹ, ದೇಹ ಮೊದಲಾದ ದೊಡ್ಡ ವಸ್ತುಗಳಿಗೆ ತಗುಲಿ ಮರುದನಿಯಾಗಿ ಹಿಂದಿರುಗುತ್ತದೆ.

ನೀರಿನಲ್ಲಿ ಶಬ್ದವು ಗಾಳಿಯಲ್ಲಿಗಿಂತ ನಾಲ್ಕು ಪಾಲಿಗೂ ಮಿಕ್ಕಿ ವೇಗವಾಗಿ, ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 1826ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬ ವಿದ್ವಾಂಸರು ಜಿನೀವಾ ಸರೋವರದಲ್ಲಿ ಎರಡು ದೋಣಿಗಳನ್ನು ದೂರದೂರ ನಿಲ್ಲಿಸಿ, ಒಂದರಿಂದ ನೀರಿನೊಳಗೆ ಗಂಟೆಯನ್ನು ಬಾರಿಸಿ ಅದೇ ಕ್ಷಣದಲ್ಲಿ ಮದ್ದನ್ನು ಹೊತ್ತಿಸಿ, ಇನ್ನೊಂದರಲ್ಲಿ ಬೆಳಕನ್ನು ಕಂಡುದಕ್ಕೂ ಗಂಟೆಯನ್ನು ಕೇಳಿದುದಕ್ಕೂ ನಡುವಣ ಕಾಲವನ್ನು ಅಳೆದು ಈ ವೇಗವನ್ನು ಗೊತ್ತುಮಾಡಿದರು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಮೇಲೆ ನೀರ್ಗಲ್ಲ ಬೆಟ್ಟಗಳನ್ನು ಮರುದನಿಯಿಂದ ತಿಳಿಯುವ ಯತ್ನವು ಬಲವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಲಾಂಜವೆಂಬ ಭೌತವಿಜ್ಞಾನಿಯು ಸ್ಫಟಿಕಶಿಲೆಯ ಹಲ್ಲೆಗಳನ್ನು ವಿದ್ಯುತ್ತಿನಿಂದ ಕಂಪಿಸಿ, ಕಿವಿಗೆ ಕೇಳದ ಶಬ್ದದಿಂದ ನೀರೊಳಗಿನ ಹಡಗನ್ನು ಕಂಡುಹಿಡಿಯುವ ಮಾರ್ಗವನ್ನು ತೋರಿಸಿದನು. ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯವರೂ ನೌಕಾಪಡೆಗೆ ಸೋನಾರುಗಳನ್ನು ಮಾಡಿಕೊಡುತ್ತಾರೆ. ಬಾವಲಿಯೂ ಗಂಗೆಯ ಕುರುಡು ಡಾಲ್ಫಿನ್ನೂ ಈ ವಿದ್ಯೆಯನ್ನು ಯಾವ ಶಾಲೆಗೂ ಹೋಗದೆ ಬಲ್ಲುವು.

ಯುದ್ಧಕ್ಕೆಂದು ಹುಟ್ಟಿದ ಈ ಯಂತ್ರವು ಕ್ರಮೇಣ ಸೂಕ್ಷ್ಮವಾಗಿ ಚಿತ್ರವನ್ನೇ ಬರೆಯುವಂತಾಗಿದೆ. ಅದರಲ್ಲಿ ಮುಖ್ಯವಾಗಿ ಮೂರು ಬಗೆಗಳು. ಮೊದಲನೆಯದನ್ನು ದೋಣಿಯ ಹಿಂದೆ ಹಗ್ಗಕ್ಕೆ ಕಟ್ಟಿ ಎಳೆಯುತ್ತಾರೆ. ಅದು ಎರಡು ಪಾರ್ಶ್ವಗಳಿಗೂ ಶಬ್ದವನ್ನು ಚೆಲ್ಲುತ್ತ, ಗದ್ದೆಯನ್ನು ಸಾಲುಸಾಲಾಗಿ ಉಳುವಂತೆ ಕೆರೆಯ ತಳವನ್ನು ಪಟ್ಟಿಪಟ್ಟಿಯಾಗಿ ಬರೆಯುತ್ತದೆ. ಎರಡನೆಯದನ್ನು ಮುಕ್ಕಾಲಿಯ ಮೇಲೆ ಕೂಡಿಸಿ ತಳಕ್ಕೆ ಇಳಿಸುತ್ತಾರೆ; ಅದು ನಿಂತಲ್ಲಿಯೇ ನಿಧಾನವಾಗಿ ತಿರುಗುತ್ತ ತನ್ನ ಸುತ್ತಲಿನ ವೃತ್ತವನ್ನು ಬರೆಯುತ್ತದೆ. ಮೂವತ್ತು ಮೀಟರ್ ದೂರದ ವಸ್ತುವಿನಿಂದ ಶಬ್ದವು ಹೋಗಿ ಬರುವುದಕ್ಕೆ ಹಿಡಿಯುವ ಕಾಲ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಮೂರನೆಯದು ಒಂದೇ ಸಲಕ್ಕೆ ಹಲವು ಕಿರಣಗಳನ್ನು ಬೀಸಿ ಚಲಿಸುವ ಚಿತ್ರವನ್ನು ಕೊಡುತ್ತದೆ. ಮುಳುಗುಗಾರನು ಅದನ್ನು ಕೈಯಲ್ಲಿ ಹಿಡಿದುಕೊಂಡೂ ಹೋಗಬಹುದು. ಶಬ್ದದ ಕಂಪನವು ಹೆಚ್ಚಿದಷ್ಟೂ ಚಿತ್ರವು ಸ್ಪಷ್ಟ, ಆದರೆ ಮುಟ್ಟುವ ದೂರ ಕಡಮೆ. ಎರಡನ್ನೂ ಒಟ್ಟಿಗೆ ಪಡೆಯುವ ಉಪಾಯವಿಲ್ಲ.

ಶಿಷ್ಯನು ತನ್ನ ದೂರವಾಣಿಯಲ್ಲಿ ಒಂದು ಚಿತ್ರವನ್ನು ತೋರಿಸಿ, "ಇದರಲ್ಲಿ ಏನಿದೆ, ಹೇಳಿ ಮೇಷ್ಟ್ರೆ" ಎಂದನು. ನಮಗೆ ಸುಟ್ಟ ರೊಟ್ಟಿಯ ಮೈಯಂತೆ ಕಂದು ಬಣ್ಣದ ಚುಕ್ಕೆಗಳಲ್ಲದೆ ಬೇರೇನೂ ಕಾಣಲಿಲ್ಲ. "ಬೆಳ್ಳಗಿರುವುದನ್ನು ಹುಡುಕಬೇಡಿ, ಅದರ ಹಿಂದೆ ಕಪ್ಪಗಿರುವುದನ್ನು ನೋಡಿ" ಎಂದನು. ನೋಡುತ್ತಿದ್ದ ಹಾಗೆಯೇ ಒಂದು ನೆರಳು ಮೂಡಿತು. ತಲೆ, ಭುಜ, ಮಡಿಸಿದ ಕಾಲು. ಅಭ್ಯಾಸಕ್ಕಾಗಿ ಮುಳುಗಿಸಿದ ಬೊಂಬೆಯಂತೆ ಅದು. ಸಂಜೆಯ ಇಳಿಬಿಸಿಲಿನಲ್ಲಿ ಅಂಗಳದ ಕಲ್ಲಿಗೆ ಉದ್ದನೆಯ ನೆರಳು ಬೀಳುವುದಷ್ಟೆ. ಹಾಗೆಯೇ ಶಬ್ದವನ್ನು ತಳಕ್ಕೆ ಸಮೀಪದಿಂದ ಓರೆಯಾಗಿ ಹಾಯಿಸಿದರೆ ವಸ್ತುವಿನ ಹಿಂದೆ ಶಬ್ದವು ತಲಪದ ಜಾಗವು ಕಪ್ಪಗೆ ಉಳಿಯುತ್ತದೆ. ಮನುಷ್ಯದೇಹವು ಬಹುಪಾಲು ನೀರೇ ಆದಕಾರಣ ಅದರ ಮರುದನಿ ಕೆಲವು ಸಲ ಮಂಕು. ನೆರಳು ಮಾತ್ರ ಆಕಾರವನ್ನು ಹೇಳಿಬಿಡುತ್ತದೆ.

ಇದನ್ನು ಕೇಳುವಾಗ ನಮಗೆ ಬಾಲ್ಯದಲ್ಲಿ ಓದಿದ ನ್ಯಾಯಶಾಸ್ತ್ರವು ನೆನಪಿಗೆ ಬಂದಿತು. ಶಬ್ದವು ಹರಡುವ ಬಗೆಗೆ ನಮ್ಮ ನೈಯಾಯಿಕರು ಎರಡು ದೃಷ್ಟಾಂತಗಳನ್ನು ಕೊಟ್ಟಿದ್ದಾರೆ. ಕೊಳದಲ್ಲಿ ಒಂದು ಅಲೆಯು ಇನ್ನೊಂದನ್ನು ಹುಟ್ಟಿಸುತ್ತ ಹೋಗುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಗೇ ಅರಳುವಂತೆ ಎಂಬುದು ಕದಂಬಮುಕುಲನ್ಯಾಯ. ಸೋನಾರಿಗೆ ಎರಡೂ ಸಲ್ಲುತ್ತವೆ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ್ದ ದುರ್ಯೋಧನನನ್ನು ಯಾರ ಕಣ್ಣೂ ಕಾಣಲಾರದೆ ಹೋದಾಗ ಭೀಮನ ಗರ್ಜನೆಯು ನೀರನ್ನು ಹೊಕ್ಕು ಮುಟ್ಟಿತಲ್ಲವೆ? ಇದು ವಿನೋದಕ್ಕೆ ಹೇಳಿದ ಮಾತು. ನಮ್ಮ ಪೂರ್ವಿಕರಿಗೆ ಸೋನಾರ್ ತಿಳಿದಿತ್ತೆಂದು ವಾದಿಸುವವರಲ್ಲಿ ನಾವಿಲ್ಲ.

ನ್ಯಾಯಶಾಸ್ತ್ರದಲ್ಲಿ ಜ್ಞಾನಕ್ಕೆ ನಾಲ್ಕು ಪ್ರಮಾಣಗಳು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಸೋನಾರಿನ ಚಿತ್ರವು ಪ್ರತ್ಯಕ್ಷವಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ನೆರಳಿನಿಂದ ವಸ್ತುವನ್ನು ಊಹಿಸುವುದು ಅನುಮಾನ. ಆದಕಾರಣ ಅದಕ್ಕೆ ಹೇತ್ವಾಭಾಸಗಳೂ ಉಂಟು. ಮರದ ಕೊರಡು, ಹಳೆಯ ಚಕ್ರ, ಸತ್ತ ಕರು, ಬಟ್ಟೆಯ ಗಂಟು ಇವೆಲ್ಲವೂ ದೇಹದಂತೆ ಮೋಸಗೊಳಿಸುತ್ತವೆ. ಹಸುವನ್ನು ಬಲ್ಲವನು ಅದರ ಹೋಲಿಕೆಯಿಂದ ಕಾಡಿನಲ್ಲಿ ಗವಯವನ್ನು ಗುರುತಿಸುವಂತೆ, ನೂರಾರು ಚಿತ್ರಗಳನ್ನು ನೋಡಿ ಪಳಗಿದವನೇ ಭೇದವನ್ನು ತಿಳಿಯಬಲ್ಲನು, ಅದು ಉಪಮಾನ. ಯಂತ್ರವನ್ನು ಕೊಂಡು ತಂದು ಕೋಣೆಯಲ್ಲಿ ಬೀಗಹಾಕಿ, ವಿಪತ್ತು ಬಂದ ದಿನ ತೆರೆದರೆ ಅದು ಕುರುಡನ ಕೈಯ ಕನ್ನಡಿ. ಕೊಳೆತ ಹೂಳಿನಿಂದ ಏಳುವ ಗುಳ್ಳೆಗಳು ಶಬ್ದವನ್ನು ತಡೆಯುತ್ತವೆ, ಜೊಂಡು ಮರೆಮಾಡುತ್ತದೆ, ಕೆಸರಿನೊಳಗೆ ಹೂತುಹೋದುದನ್ನು ಈ ಸೂಕ್ಷ್ಮಶಬ್ದವು ಭೇದಿಸಲಾರದು. ಶಿರೂರಿನಲ್ಲಿ ಆದದ್ದು ಅದೇ. ಸೂಚನೆ ದೊರೆಯಿತು, ಆದರೆ ಗುಡ್ಡವೇ ಹೊಳೆಗಿಳಿದಿದ್ದಿತು, ನೀರು ಕೆಳಗಿಳಿಯಗೊಡಲಿಲ್ಲ. ಇರುವ ತಾಣವನ್ನು ತಿಳಿಯುವುದು ಬೇರೆ, ಅಲ್ಲಿಗೆ ಮುಟ್ಟುವುದು ಬೇರೆ. 2019ರ ಸೆಪ್ಟೆಂಬರಿನಲ್ಲಿ ಗೋದಾವರಿಯ ಕಚ್ಚುಲೂರಿನ ಬಳಿ ಪ್ರವಾಸಿಗಳ ದೋಣಿ ಮುಳುಗಿದಾಗಲೂ ಪಾರ್ಶ್ವಗಳನ್ನು ಶೋಧಿಸುವ ಸೋನಾರನ್ನು ತಂದು ಹುಡುಕಿದ್ದರು. ಅಕ್ಟೋಬರ್ 22ರಂದು ಅದನ್ನು ಮೇಲೆಳೆದವರು ಧರ್ಮಾಡಿ ಸತ್ಯಂ ಎಂಬವರೂ ಅವರ ಕಡೆಯ ಜನರೂ, ಹಗ್ಗ ಲಂಗರುಗಳಿಂದ.

ಹಾಗಾದರೆ ಈ ಯಂತ್ರದ ಪ್ರಯೋಜನವೇನು? ಶಿಷ್ಯನು ಹೇಳಿದ ಉತ್ತರವು ನಮ್ಮ ಮನಸ್ಸಿನಲ್ಲಿ ನಿಂತಿದೆ. "ಮೇಷ್ಟ್ರೆ, ಇದು ಸತ್ತವನಿಗಲ್ಲ, ಇಳಿಯುವವನಿಗೆ." ಕತ್ತಲ ನೀರಿನಲ್ಲಿ ಇಳಿಯುವವನಿಗೆ ಕೈಯೇ ಕಣ್ಣು. ಪಟ್ಟಣದ ಕೆರೆಗಳ ತಳದಲ್ಲಿ ಏನೇನಿದೆ! ಒಡೆದ ಗಾಜು, ಮುಳ್ಳುತಂತಿ, ಹರಿದ ಬಲೆ, ಗಣಪತಿಯನ್ನು ಬಿಟ್ಟಮೇಲೆ ಉಳಿದ ಕಬ್ಬಿಣದ ಕಂಬಿಗಳು, ಇವೆಲ್ಲದರ ಮೇಲೆ ಚರಂಡಿಯ ನೀರು. ಮೇಲಿರುವ ಸಂಗಡಿಗನು ಹಗ್ಗವನ್ನು ಹಿಡಿದು ನಿಂತಿರುತ್ತಾನೆ. ಹಗ್ಗದ ಎಳೆತಗಳೇ ಅವರ ಭಾಷೆ. ಯಂತ್ರವಿಲ್ಲದಿದ್ದರೆ ಕೆರೆಯ ತಳವನ್ನೆಲ್ಲ ಅಂಗೈಯಗಲ ಅಂಗೈಯಗಲವಾಗಿ ತಡವಬೇಕು. ಯಂತ್ರವಿದ್ದರೆ ಸಂದೇಹದ ಎರಡು ಮೂರು ತಾಣಗಳನ್ನು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿಗೇ ಇಳಿಯಬಹುದು. ಇಳಿದವನು ತಾನೂ ಆ ಚಿತ್ರದಲ್ಲಿ ಕಾಣಿಸುತ್ತಾನೆ. ದಡದಲ್ಲಿ ಕುಳಿತವನು, "ಎಡಕ್ಕೆ ಎರಡು ಮೀಟರ್, ಮುಂದಕ್ಕೆ ಒಂದು, ಕೈಚಾಚು" ಎಂದು ಹೇಳಿ ಅವನನ್ನು ನಡೆಸುತ್ತಾನೆ. ದಿನವಿಡೀ ಆಗುವ ಮುಳುಗಾಟವು ಕೆಲವು ನಿಮಿಷಗಳಲ್ಲಿ ಮುಗಿಯಬಹುದು. ಜಾಲಿಯ ಕೊಂಬೆಯೂ ಚಿತ್ರದಲ್ಲಿ ಕಾಣುತ್ತದೆ.

ಜಾಲಿಯ ಕೊಂಬೆಯೆಂದಾಗ ನಮ್ಮ ಕೈಯ ಲೋಟವು ಅಲುಗಿತು. ಆಗ 1989ರ ಸಂಗತಿಯನ್ನು ಅವನಿಗೆ ಹೇಳಿದೆವು. ಅದನ್ನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಅವನು ತಲೆಬಾಗಿಸಿ ಕೇಳಿದನು. "ಆಗ ಈ ಯಂತ್ರವಿದ್ದಿದ್ದರೆ ಹುಡುಗನು ಬದುಕುತ್ತಿದ್ದನೆ?" ಎಂದೆವು. ಅವನು ನಮ್ಮನ್ನು ಸಮಾಧಾನಪಡಿಸುವುದಕ್ಕಾಗಿ ಸುಳ್ಳು ಹೇಳಲಿಲ್ಲ, ಶಿಷ್ಯನೆಂದರೆ ಹಾಗಿರಬೇಕು. "ಇಲ್ಲ. ಉಸಿರಿಗಿರುವುದು ಕೆಲವು ನಿಮಿಷಗಳು ಮಾತ್ರ. ನಾವು ಹೋಗುವುದರೊಳಗೆ ಸಾಮಾನ್ಯವಾಗಿ ಎಲ್ಲವೂ ಮುಗಿದಿರುತ್ತದೆ. ಆದರೆ ಆ ತಾಯಿ ಎರಡು ರಾತ್ರಿ ಕೂರಬೇಕಾಗಿರಲಿಲ್ಲ. ಆ ತರುಣನು ಆ ಮುಳ್ಳಿಗೆ ಹೋಗಬೇಕಾಗಿರಲಿಲ್ಲ" ಎಂದನು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದನು: "ಆದರೂ ಒಂದು ಮಾತು. ಯಂತ್ರವನ್ನು ಎಲ್ಲಿ ಇಳಿಸಬೇಕೆಂಬುದನ್ನು ಯಂತ್ರವು ಹೇಳುವುದಿಲ್ಲ. ನಿಂತ ನೀರಿನಲ್ಲಿ ಮುಳುಗಿದವನು ಮುಳುಗಿದೆಡೆಯ ಹತ್ತಿರವೇ ತಳಕ್ಕೆ ಹೋಗುತ್ತಾನೆ. ಆದಕಾರಣ ನಾವು ಮೊದಲು ಕೇಳುವುದು ಕಂಡವನನ್ನು. ಅವನನ್ನು ಅವನು ನಿಂತಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸುತ್ತೇವೆ. ಅಲ್ಲಿಂದ ಆಚೆಯ ದಡದ ಯಾವ ಮರದ ನೇರಕ್ಕೆ ಕಂಡಿತೆಂದು ಕೇಳುತ್ತೇವೆ. ಇನ್ನೊಬ್ಬನು ಬೇರೆ ಕಡೆಯಿಂದ ಕಂಡಿದ್ದರೆ ಅವನನ್ನೂ ನಿಲ್ಲಿಸುತ್ತೇವೆ. ಎರಡು ಗೆರೆಗಳು ಕೂಡಿದೆಡೆಯಲ್ಲಿ ಯಂತ್ರವನ್ನು ಇಳಿಸುತ್ತೇವೆ."

ನಮಗೆ ಮಾತು ಹೊರಡಲಿಲ್ಲ. ಅಕ್ಷರವನ್ನು ಅರಿಯದ ಆ ಮುದುಕ ಬೆಸ್ತನು ನಮ್ಮನ್ನು ಕೇಳಿದ್ದು ಇದನ್ನೇ ಅಲ್ಲವೆ? ನಾಲ್ಕನೆಯ ಪ್ರಮಾಣವಾದ ಶಬ್ದವೆಂದರೆ ಆಪ್ತವಾಕ್ಯ. ಇದ್ದುದನ್ನು ಇದ್ದಂತೆ ಹೇಳುವವನು ಆಪ್ತನು. ಈ ಲಕ್ಷಣವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ನಾವು. ಅಂದು ತರ್ಕಸಂಗ್ರಹವು ನಮ್ಮ ಕಂಕುಳಲ್ಲಿಯೇ ಇದ್ದಿತು. ಆದರೂ, ಪ್ರಶ್ನೆಯನ್ನು ಅವಮಾನವೆಂದು ತಿಳಿದೆವು. ಕಂಡದ್ದು ಸುಳ್ಳಲ್ಲ, ಎಲ್ಲಿಂದ ಕಂಡೆವೆಂಬುದನ್ನು ಬಿಟ್ಟು ಹೇಳಿದ್ದರಿಂದ ಅದು ಸುಳ್ಳಾಯಿತು. ಬೆಸ್ತನು ಕೇಳಿದುದಕ್ಕೆ ಒಂದು ಕ್ಷಣ ಯೋಚಿಸಿ ಉತ್ತರಕೊಟ್ಟಿದ್ದರೆ ಸಾಕಾಗಿತ್ತು. ಯಂತ್ರವು ಬೇಕಾಗಿರಲಿಲ್ಲ.

ಇನ್ನು ಗೃಹಸ್ಥರೂ ಗೃಹಿಣಿಯರೂ ಆದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಹಿಂದಿನ ಕೆರೆಗಳು ದಡದಿಂದ ತಟ್ಟೆಯಂತೆ ಇಳಿಜಾರಾಗಿದ್ದುವು. ಹೂಳೆತ್ತಿ ಮಣ್ಣು ತೋಡಿದ ಎಷ್ಟೋ ಕೆರೆಗಳಲ್ಲಿ ಈಗ ಎರಡು ಹೆಜ್ಜೆಗೇ ಗುಂಡಿ. ಮಕ್ಕಳನ್ನು ನೀರಿಗೆ ಒಂಟಿಯಾಗಿ ಕಳುಹಿಸಬಾರದು. ಈಜು ಬಾರದವರು ಮುಳುಗುವವರನ್ನು ಹಿಡಿಯಲು ಹಾರಬಾರದು. ಹಗ್ಗ, ಸೀರೆ, ಕೋಲು, ಮುಚ್ಚಳವಿಕ್ಕಿದ ಖಾಲಿ ಕೊಡ, ತೇಲುವುದಾವುದನ್ನಾದರೂ ಎಸೆಯಬೇಕು. ಕೂಡಲೆ 112ಕ್ಕೆ ದೂರವಾಣಿ ಮಾಡಬೇಕು. ಪ್ರತಿಯೊಂದು ಅಗ್ನಿಶಾಮಕ ಠಾಣೆಯಲ್ಲಿಯೂ ಸೋನಾರ್ ಇರುವುದಿಲ್ಲ. ಆದರೆ ಪ್ರತಿಯೊಂದು ದಡದಲ್ಲಿಯೂ ಕಂಡವರೊಬ್ಬರು ಇರುತ್ತಾರೆ. ಕಂಡವರು ತಾವು ನಿಂತ ಜಾಗವನ್ನು ಬಿಡುವ ಮುನ್ನ ಅಲ್ಲೊಂದು ಕಲ್ಲನ್ನಾಗಲಿ ಚಪ್ಪಲಿಯನ್ನಾಗಲಿ ಗುರುತಿಡಬೇಕು. ಆಚೆಯ ದಡದಲ್ಲಿ ಅದೇ ನೇರಕ್ಕೆ ಯಾವ ಮರವಿದೆ, ಯಾವ ಕಂಬವಿದೆ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಹುಡುಕುವವರು ಬಂದು ಪ್ರಶ್ನೆ ಕೇಳಿದರೆ ಸಿಟ್ಟಾಗಬಾರದು.

ಈಗ ನಾವು ಉಲ್ಲಾಳ ಕೆರೆಯ ಏರಿಯ ಮೇಲೆ ಮೊಮ್ಮಗಳೊಂದಿಗೆ ಹೋಗುವಾಗ ಒಂದು ಆಟವನ್ನಾಡುತ್ತೇವೆ. ನೀರಿನಲ್ಲಿ ಒಂದು ನೀರುಕಾಗೆ ಮುಳುಗುತ್ತದೆ. "ಎಲ್ಲಿ ಮುಳುಗಿತು?" ಎಂದು ಕೇಳುತ್ತೇವೆ. ಅವಳು ಕೈತೋರುವುದಿಲ್ಲ. ಮೊದಲು ತನ್ನ ಕಾಲನ್ನು ನೋಡಿಕೊಂಡು, "ನಾನು ಈ ಬೆಂಚಿನ ಹತ್ತಿರ ನಿಂತಿದ್ದೇನೆ, ಅದು ಆ ಹೊಂಗೆಯ ಮರದ ನೇರಕ್ಕೆ ಮುಳುಗಿತು" ಎನ್ನುತ್ತಾಳೆ. ಆ ಮುದುಕ ಬೆಸ್ತನು ಈಗ ಇರಲಾರನು. ಇದ್ದರೂ ನಮ್ಮ ಬರಹವನ್ನು ಓದುವವನಲ್ಲ. ಅವನಿಗೆ ಅಂದು ಕೊಡದೆ ಹೋದ ಉತ್ತರವನ್ನು ಇಲ್ಲಿ ಬರೆದಿದ್ದೇವೆ: ಇಲ್ಲಪ್ಪ, ನಾವು ನಿಂತಿದ್ದದ್ದು ಇಲ್ಲಿಯಲ್ಲ, ಏರಿಯ ತಿರುವಿನಲ್ಲಿ.